ನಾಕನೇ ಶಬ್ದ

ನೋಟೀಸ್ ಬೋರ್ಡಿಗೆ ಎರಡೇ ಮೊಳೆಯಲ್ಲಿ
ಜೋತುಬಿದ್ದ ಹಾಳಿ:
ಭಾಷಾಶಾಸ್ತ್ರ ಎಂ.ಎ. ಮುಗಿಯಬೇಕಾದರೆ
ಎಂಬತ್ತು ಕ್ರೆಡಿಟ್ಟು, ಎಪ್ಪತ್ತೈದು ಪರ್ಸೆಂಟ್ ಹಾಜರಿ,
ತನ್ನದಲ್ಲದ ಒಂದು ಭಾಷೆಯ ಪರೀಕ್ಷೆ,
ಲೈಬ್ರರಿಯಿಂದ ಬಾಕಿ ಇಲ್ಲವೆಂಬ ಚೀಟಿ,
ಕಟ್ಟಕಡೆಗೆ, ಝೆರಾಕ್ಸಿನಲ್ಲಿ ಅರ್ಧ ಅಳಿಸಿದ್ದು:
ಬದುಕಿರುವ ಒಬ್ಬರಿಂದ
ಇನ್ನೂರಾ ಏಳು ಶಬ್ದ.

'ಬದುಕಿರೂವರು ಅಂತ ಯಾಕ ಬರದೀರ್ರೀ ಸರ್?'
ಹೂಲಿ ಸರ್ ಅಂಗಿ ಚುಂಗಿಗೆ ಕನ್ನಡಕ ಒರೆಸಿದರು.
'ಹ್ವಾದ ವರ್ಷ ಒಬ್ಬಾಂವ
ನಿಘಂಟು ನೋಡಿ ತುಂಬಿಕೊಂಡು ಬಂದಿದ್ದ.'

ವಡಗಾವಿಯ ಓಣಿ. ಗಟಾರದಲ್ಲಿ ಇವತ್ತಿನ ಬಣ್ಣ ನೀಲಿ.
ಮನೆಮನೆಗೂ ಪಾವರ್‌ಲೂಮು,
ಖಟ್ ಖಟಾ ಖಟ್ ಖಟಾ.
ಮೊದಲ ದಿನದ ರೆಕಾರ್ಡಿಂಗಿನಲ್ಲಿ
ದ್ವಾರಕಾಬಾಯಿಯ ಒಂದು ವ್ಯಂಜನವೂ ಇಲ್ಲ,
ಬರೀ ಲಾಳಿ.

'ಲೈಟ್ ಹೋದಾಗ ಬಾರವಾ' ಅಂದಳು.

ಹಾಗಾಗಿ ನನ್ನ ಎಂ.ಎ. ಹೆಸ್ಕಾಂ ಕೈಯಲ್ಲಿ.
ಮಂಗಳವಾರ ಹತ್ತರಿಂದ ಎರಡು,
ಎಲ್ಲೋ ಯಾರೋ ಹಿಡಿಕೆ ಎಳೆದರೆ
ಓಣಿಗೆ ಓಣಿಯೇ ಕಿವಿ ಬಿಚ್ಚಿದಂತೆ:
ಗುಬ್ಬಿ, ಕುಕ್ಕರ್ ಸೀಟಿ, ದೂರದ ರೈಲ್ವೆ ಗೇಟಿನ ಗಂಟೆ,
ಆಮೇಲೆ ಅವಳ ದನಿ.
ನನಗೆ ಬೇಕಾದ ನಿಶ್ಶಬ್ದ
ಅವಳಿಗೆ ಅರ್ಧ ಸೀರೆಯ ಕೂಲಿ.
ಇದನ್ನು ಬರೆಯುವ ಕಾಲಂ ಫಾರ್ಮಿನಲ್ಲಿಲ್ಲ.

ಹೆಸರು: ದ್ವಾರಕಾಬಾಯಿ ಧೋತ್ರೆ. ವಯಸ್ಸು: 'ಬರಿ, ಐವತ್ತು.'
ಮಾತೃಭಾಷೆ?
'ಅವ್ವಂದು ಮರಾಠಿ, ಅವ್ವನ ಅವ್ವಂದು ಕನ್ನಡ.
ನೂಲು ಎಣಿಸೂದು ಮರಾಠಿ,
ಮಾಲಕನ್ನ ಬಯ್ಯೂದು ಕನ್ನಡ,
ಅಂವಗ ತಿಳೀಬೇಕಲ್ಲ.'
ಒಂದೇ ಗೆರೆ ಇತ್ತು ಅಲ್ಲಿ. ಅಕ್ಷರ ಸಣ್ಣದು ಮಾಡಿದೆ.

ನಿಮ್ಮ ಮನಿ ಮಾತಿನ್ಯಾಗ ಹೇಳ್ರಿ.
ಒಂದು: ನಾನು. ಎರಡು: ನೀನು. ಮೂರು: ಅವನು.
'ಅಂವ ಹೋಗಿ ಹನ್ನೊಂದು ವರ್ಷಾತು, ಮುಂದ ನಡಿ.'

ನಾಕು: ನಾವು.

ನೂಲು ಪೋಣಿಸುವ ಕೈ ನಿಂತಿತು.
'ಯಾವ ನಾವು?
ನಿನ್ನ ಹಿಡದೋ, ನಿನ್ನ ಬಿಟ್ಟೋ?'

ಬೈಲಹೊಂಗಲದವಳು ನಾನು.
ಇಪ್ಪತ್ಮೂರು ವರ್ಷ ಒಂದೇ ನಾವು ಬಳಸಿದ್ದೇನೆ.
ನಾವು ಹೊಂಟೀವಿ ಅಂದರೆ
ಎದುರಿದ್ದವರು ಚಪ್ಪಲಿ ಮೆಟ್ಟಬೇಕೋ ಬೇಡವೋ
ಮಾರಿ ನೋಡಿ ತಿಳಕೊಳ್ಳಬೇಕು.
ಅವಳು ಕೈಯಲ್ಲೇ ತೋರಿಸಿದಳು.
ಆಮ್ಹಿ: ಎದೆ ಮೇಲೆ ಅಂಗೈ,
ಬೆನ್ನ ಹಿಂದಿನ ಮಗ್ಗ, ಸೊಸೆ, ಗೋಡೆಯ ಮೇಲಿನ ಫೋಟೋ.
ಆಪಣ್: ಅದೇ ಕೈ ಮುಂದೆ ಬಂದು
ನನ್ನ ಮೊಣಕಾಲಿನ ತನಕ ಸುತ್ತು ಹಾಕಿ
ರೆಕಾರ್ಡರನ್ನೂ ಒಳಗೆ ತಗೊಂಡಿತು.

ಈ ಊರಿನ ಫಲಕಗಳಿಗೆ ಬಳಿದ ಡಾಂಬರು ನೋಡಿದ್ದೇನೆ,
ಬಸ್ಸು ನಿಂತ ದಿನ ಹಾಸ್ಟೆಲ್ಲಿಗೆ ನಡೆದು ಬಂದಿದ್ದೇನೆ.
ಅವತ್ತು ಚೌಕಿನಲ್ಲಿ ಎರಡೂ ಕಡೆ
ನಾವು ನಾವು ಎಂದು ಕೂಗುತ್ತಿದ್ದರು,
ಯಾವ ನಾವು ಅಂತ
ಒಬ್ಬರೂ ಕೇಳಲಿಲ್ಲ.

ಸರ್ ಪಟ್ಟಿ ನೋಡಿದರು. ನಾಕನೇ ಖಾನೆಯಲ್ಲಿ
ಎರಡು ಶಬ್ದ, ಮಾರ್ಜಿನ್ನಿಗೆ ತಾಗಿ.
'ನಮ್ಮಲ್ಲೂ ಇತ್ತು. ಎಮ್ಮ ಬ್ಯಾರೆ, ನಮ್ಮ ಬ್ಯಾರೆ.
ಅವರು ನಮ್ಮ ಕಡಿಂದನ ಒಯ್ದರು ಅಂತಾರ ಕೆಲವರು.
ಕಡಾ ಒಯ್ದವರು ಜ್ವಾಕಿ ಮಾಡ್ಯಾರ,
ಕೊಟ್ಟವರು ಎಲ್ಲಿಟ್ಟೀವೋ ಮರತೀವಿ.'
ಆಮೇಲೆ ಕೆಂಪು ಪೆನ್ನು. ಒಂದು ಖಾನೆ, ಒಂದೇ ಶಬ್ದ.
'ಎರಡು ಬರದ್ರ ಕಂಪ್ಯೂಟರ್ ತಗೊಳ್ಳೂದಿಲ್ಲ ತಂಗಿ.'

ಈಗ ನೀವಂದ 'ನಮ್ಮ' ಯಾವುದು ಸರ್
ಅಂತ ಕೇಳಲಿಲ್ಲ.
ವೈವಾ ಬಾಕಿ ಇತ್ತು.

ಮತ್ತೆ ಮಂಗಳವಾರ. ನೂರಾ ಎಂಬತ್ಮೂರು: ಹೊಸ.
ಅವಳು ಬಾಯಿ ತೆರೆಯುವಷ್ಟರಲ್ಲಿ ಲೈಟ್ ಬಂತು,
ಅರ್ಧ ತಾಸು ಮೊದಲೇ. ಇಡೀ ಓಣಿ ಒಮ್ಮೆಗೇ ಖಟ್ ಖಟಾ.
ಪದರಿನಿಂದ ಕೈ ಒರೆಸುತ್ತ ಎದ್ದು ನಿಂತು
ಊಟದ ಬಗ್ಗೆ ಏನೋ ಅಂದಳು ನನ್ನ ಕಡೆ ನೋಡಿ.
ಕೇಳಲಿಲ್ಲ. ತುಟಿ ಕಂಡಿತು, ಒಮ್ಮೆ ಮುಚ್ಚಿ ತೆರೆದದ್ದು.
ಆಮ್ಹಿಯೋ, ಆಪಣೋ?
ಮ ಆದರೂ ಪ ಆದರೂ ತುಟಿ ಮುಚ್ಚುವುದು ಒಂದೇ ತರಹ,
ಮೊದಲ ಸೆಮಿಸ್ಟರಿನ ಪಾಠ,
ಪಾಸಾಗಿದ್ದೇನೆ ಅದರಲ್ಲಿ.
ಮಷೀನು ಆಫ್ ಮಾಡಿ, ಕುತ್ತಿಗೆ ಉದ್ದ ಮಾಡಿ
ಅಡಿಗೆಮನೆಯೊಳಗೆ ಹಣಿಕಿ ಹಾಕುತ್ತೇನೆ,
ತಾಟು ಎಷ್ಟು ಇಟ್ಟಾರೆ ಅಂತ.